ಬಸ್ಸು ಊರ ಮುಂದೆ ಇಳಿಸಿದ ಮೇಲೆ: ಉತ್ತರ ಶ್ರೀಲಂಕಾದ ಪುನರ್ವಸತಿಯ ಕತೆ

2012ರ ಸೆಪ್ಟೆಂಬರ್ ಕೊನೆಯ ವಾರ ಶ್ರೀಲಂಕಾ ಸರ್ಕಾರ ಮೆನಿಕ್ ಫಾರ್ಮ್ ಶಿಬಿರವನ್ನು ಮುಚ್ಚಿತು. ವವುನಿಯಾ ಜಿಲ್ಲೆಯ ಚೆಟ್ಟಿಕುಳಂ ಹತ್ತಿರ ಕಾಡು ಕಡಿದು ಎಬ್ಬಿಸಿದ್ದ ಶಿಬಿರ ಅದು. 2009ರ ಮೇ ತಿಂಗಳಲ್ಲಿ ಸೇನೆಗೂ, ತಮಿಳರಿಗೆ ಬೇರೆ ದೇಶ ಬೇಕು ಅಂತ ಹೋರಾಡುತ್ತಿದ್ದ ಎಲ್‌ಟಿಟಿಇಗೂ ನಡುವಿನ ಯುದ್ಧ ಮುಗಿದಾಗ ಉತ್ತರದ ವನ್ನಿ ಪ್ರದೇಶದ ಸುಮಾರು 3 ಲಕ್ಷ ಜನ ಊರು ಕಳೆದುಕೊಂಡಿದ್ದರು. ಅವರಲ್ಲಿ 2 ಲಕ್ಷಕ್ಕೂ ಹೆಚ್ಚು ಮಂದಿಯನ್ನು ಇಲ್ಲಿ ಮುಳ್ಳುತಂತಿಯ ಒಳಗೆ ಇಟ್ಟಿದ್ದರು. ಮೊದಮೊದಲು ಹೊರಗೆ ಹೋಗಲಿಕ್ಕೂ ಬಿಡುತ್ತಿರಲಿಲ್ಲ. ಅಂಥ ಶಿಬಿರ ಮೂರು ವರ್ಷದಲ್ಲಿ ಖಾಲಿಯಾಯಿತು ಅಂದರೆ ಸಣ್ಣ ಕೆಲಸವಲ್ಲ, ನಿಜ.

ಆದರೆ ಕೊನೆಗೆ ಹೊರಟವರಲ್ಲಿ ಮುಲ್ಲೈತೀವು ಜಿಲ್ಲೆಯ ಕೇಪ್ಪಾಪುಲವು ಊರಿನ 110 ಕುಟುಂಬಗಳಿದ್ದವು. ಅವರನ್ನು ಅವರ ಊರಿಗೆ ಕರೆದುಕೊಂಡು ಹೋಗಲಿಲ್ಲ. ಊರಲ್ಲಿ ಸೇನೆಯ ನೆಲೆ ಇತ್ತು. ಬೇರೆ ಕಡೆ ಸರ್ಕಾರಿ ಜಾಗ ಸವರಿ, ಅಲ್ಲಿ ಇಳಿಸಿದರು. ಶಿಬಿರದ ಪುಸ್ತಕದಲ್ಲಿ ಮಾತ್ರ ಅವರ ಲೆಕ್ಕವೂ ಮುಗಿಯಿತು.

ಯುದ್ಧ ನಿಂತ ಮೇಲೆ ಜನ ಊರಿಗೆ ಹೋಗಲು ಇಷ್ಟು ವರ್ಷ ಯಾಕೆ ಬೇಕು ಅಂತ ದೂರದಿಂದ ನೋಡುವವರಿಗೆ ಅನ್ನಿಸುತ್ತದೆ. ಗುಂಡು ನಿಂತಿತು, ರಸ್ತೆ ತೆರೆಯಿತು, ಹೋಗಬಹುದಲ್ಲ ಅಂತ. ಉತ್ತರ ಶ್ರೀಲಂಕಾದಲ್ಲಿ ಏನಾಯಿತು ಅಂತ ಹತ್ತಿರದಿಂದ ನೋಡಿದರೆ ಗಂಟು ಎಲ್ಲಿದೆ ಅಂತ ತಿಳಿಯುತ್ತದೆ. ನನ್ನ ಪ್ರಕಾರ ಆ ಗಂಟು ಇರುವುದು ಜಮೀನಿನಲ್ಲಿ. ಮನೆ, ರೈಲು, ಶಾಲೆ, ಅಕ್ಕಿ, ಎಲ್ಲ ಕೊಟ್ಟು ಜಮೀನನ್ನು ಮಾತ್ರ ಬಾಕಿ ಇಟ್ಟರೆ ಜನ ಊರು ಸೇರಿದ ಹಾಗಲ್ಲ.

ಮೊದಲು ಒಂದು ಮಾತು. ಊರು ಬಿಟ್ಟವರು ಎಲ್ಲರೂ ಒಂದೇ ಸಲ ಬಿಟ್ಟವರಲ್ಲ. ಯುದ್ಧ ನಡೆದದ್ದು 1983ರಿಂದ 2009ರ ತನಕ, 26 ವರ್ಷ. ಮುಲ್ಲೈತೀವಿನ ಕೊಕ್ಕಿಲಾಯ್ ಕಡೆಯವರು 1984ರಲ್ಲೇ ಹೊರಬಿದ್ದರು. ಜಾಫ್ನಾದ ಉತ್ತರ ಅಂಚಿನ ವಲಿಕಾಮಂ ಕಡೆಯವರು 1990ರಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಉತ್ತರದ ಮುಸ್ಲಿಮರನ್ನೆಲ್ಲ ಎಲ್‌ಟಿಟಿಇ ಓಡಿಸಿತು. 1995ರಲ್ಲಿ ಜಾಫ್ನಾದಿಂದ ಲಕ್ಷಗಟ್ಟಲೆ ಜನ ಎದ್ದು ನಡೆದರು. 2006ರಲ್ಲಿ ಪೂರ್ವದ ಸಾಂಪೂರ್ ಖಾಲಿಯಾಯಿತು. 2008-09ರಲ್ಲಿ ಇಡೀ ವನ್ನಿ. ವನ್ನಿಯ ಕುಟುಂಬಗಳಂತೂ ಮೇಲಿಂದ ಮೇಲೆ ಗುಳೆ ಎದ್ದವು. ಚಾವಣಿಯ ತಗಡನ್ನು ಕಳಚಿ, ಟ್ರ್ಯಾಕ್ಟರಿಗೆ ಹೇರಿ, ಮುಂದಿನ ಊರಲ್ಲಿ ಗುಡಿಸಲು ಹಾಕಿ, ಮತ್ತೆ ಕಳಚಿ. ಹಾಗಾಗಿ "ಇವರ ಊರು ಯಾವುದು" ಅನ್ನುವ ಪ್ರಶ್ನೆಗೆ ಎಲ್ಲರ ಹತ್ತಿರವೂ ಒಂದೇ ಬಗೆಯ ಉತ್ತರ ಇರಲಿಲ್ಲ.

ದೇಶ ಬಿಟ್ಟು ಹೋದವರಿಗೆ ಅಂತರರಾಷ್ಟ್ರೀಯ ಒಪ್ಪಂದದ ರಕ್ಷಣೆ ಇದೆ. ದೇಶದೊಳಗೇ ಅಲೆದವರಿಗೆ ಹಾಗಿಲ್ಲ. ಅವರ ಜವಾಬ್ದಾರಿ ಅವರದ್ದೇ ಸರ್ಕಾರದ್ದು. ಅದಕ್ಕೆಂದೇ 1998ರಲ್ಲಿ ವಿಶ್ವಸಂಸ್ಥೆ ಕೆಲವು ಮಾರ್ಗಸೂಚಿಗಳನ್ನು ತಂದಿತು. ಜನ ತಾವೇ ಒಪ್ಪಿ ಹೋಗಬೇಕು, ಸುರಕ್ಷಿತವಾಗಿ ಹೋಗಬೇಕು, ಮರ್ಯಾದೆಯಿಂದ ಹೋಗಬೇಕು. ಹಳೇ ಊರಿಗೆ ಹೋಗಬಹುದು, ಬಂದ ಕಡೆಯೇ ಉಳಿಯಬಹುದು, ಮೂರನೇ ಜಾಗಕ್ಕೂ ಹೋಗಬಹುದು, ಆಯ್ಕೆ ಅವರದ್ದು. ಬಿಟ್ಟು ಬಂದ ಆಸ್ತಿಯನ್ನು ವಾಪಸ್ ಕೊಡಿಸುವುದು ಅಧಿಕಾರಿಗಳ ಕರ್ತವ್ಯ. ಹೇಳಲಿಕ್ಕೆ ಇಷ್ಟೇ. ಮಾಡಲಿಕ್ಕೆ ಹೋದರೆ ಮೊದಲು ಕಾಲಿಗೆ ಸಿಗುವುದು ನೆಲಬಾಂಬು.

ನೆಲದ ಕೆಳಗೆ

ಜಾಫ್ನಾಕ್ಕೆ ಹೋಗುವ ಎ9 ಹೆದ್ದಾರಿಯಲ್ಲಿ ಮುಹಮಾಲೈ ಅಂತ ಒಂದು ಊರಿದೆ. ಯುದ್ಧದ ಕಾಲದಲ್ಲಿ ಸೇನೆಯೂ ಎಲ್‌ಟಿಟಿಇಯೂ ವರ್ಷಗಟ್ಟಲೆ ಎದುರುಬದುರು ಕೂತದ್ದು ಇಲ್ಲೇ. ಇಬ್ಬರೂ ತಮ್ಮ ಸಾಲಿನ ಮುಂದೆ ಬಾಂಬು ಹೂತರು. ಸಾಲು ಹಿಂದೆ ಸರಿದಾಗ ಮತ್ತೆ ಹೂತರು. ಶೆಲ್ಲು ಬಿದ್ದು ತಲೆ ಹಾರಿಹೋದ ತಾಳೆ ಮರಗಳು ಕಂಬದ ಹಾಗೆ ನಿಂತಿದ್ದವು. ದೇಶದ ಅತಿ ದೊಡ್ಡ ಬಾಂಬುಹೊಲಗಳಲ್ಲಿ ಇದೂ ಒಂದು.

ಇದನ್ನು ತೆಗೆಯುವ ಕೆಲಸ ಹೇಗಿರುತ್ತದೆ ನೋಡಿ. ಒಬ್ಬರಿಗೆ ಸುಮಾರು ಒಂದು ಮೀಟರ್ ಅಗಲದ ಪಟ್ಟಿ. ಮುಖಕ್ಕೆ ದಪ್ಪ ಪ್ಲಾಸ್ಟಿಕ್ ಕವಚ, ಮೈಮೇಲೆ ರಕ್ಷಣೆಯ ಅಂಗಿ. ಮಂಡಿಯೂರಿ ಕೂತು, ಹುಲ್ಲನ್ನು ಕತ್ತರಿಯಲ್ಲಿ ಕತ್ತರಿಸಿ, ಪತ್ತೆಯಂತ್ರ ಆಡಿಸಿ, ಸದ್ದು ಬಂದ ಕಡೆ ಪಕ್ಕದಿಂದ ಮೆಲ್ಲಗೆ ಮಣ್ಣು ಬಿಡಿಸಬೇಕು. ಸದ್ದು ಬಂದರೆ ಅದು ಗುಂಡಿನ ತುಂಡಿರಬಹುದು, ಹಳೇ ಡಬ್ಬದ ಮುಚ್ಚಳ ಇರಬಹುದು. ಸದ್ದು ಬಾರದಿದ್ದರೂ ನಂಬುವ ಹಾಗಿಲ್ಲ. ಎಲ್‌ಟಿಟಿಇ ತಾನೇ ಮಾಡಿದ 'ಜೋನಿ' ಅನ್ನುವ ಬಾಂಬು ಮರದ ಪೆಟ್ಟಿಗೆಯಲ್ಲಿರುತ್ತಿತ್ತು. 'ರಂಗನ್' ಅನ್ನುವುದು ಪ್ಲಾಸ್ಟಿಕ್ಕಿನದ್ದು. ಇಂಥವುಗಳಲ್ಲಿ ಲೋಹ ತೀರಾ ಕಡಿಮೆ. ಹಾಗಾಗಿ ಮರಳು ನೆಲದಲ್ಲಿ ಯಂತ್ರ ನಂಬದೆ, ಉದ್ದ ಹಿಡಿಯ ಹಲ್ಲುಕುಂಟೆಯಲ್ಲಿ ಮಣ್ಣನ್ನು ಪದರ ಪದರವಾಗಿ ಎಳೆದು ನೋಡುವ ಪದ್ಧತಿಯೂ ಬಂತು. ಇಡೀ ದಿನ ಬಿಸಿಲಲ್ಲಿ ಕೂತರೂ ಒಬ್ಬರು ಮುಗಿಸುವುದು ಕೆಲವೇ ಚದರ ಮೀಟರ್. ಈ ಕೆಲಸ ಮಾಡಿದವರಲ್ಲಿ ಅದೇ ಊರುಗಳ ಹೆಂಗಸರು ತುಂಬಾ ಜನ, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರೂ ಸೇರಿ. ಸೇನೆಯ ತುಕಡಿಯಲ್ಲದೆ ಹ್ಯಾಲೋ ಟ್ರಸ್ಟ್, ಮ್ಯಾಗ್‌ನಂಥ ವಿದೇಶಿ ಸಂಸ್ಥೆಗಳಿದ್ದವು. ಭಾರತದ ಹಣದಲ್ಲಿ ಸರ್ವತ್ರ, ಹೊರೈಜನ್ ಅನ್ನುವ ನಮ್ಮ ದೇಶದ ತಂಡಗಳೂ ದುಡಿದವು. ಶ್ರೀಲಂಕಾ ನೆಲಬಾಂಬು ನಿಷೇಧ ಒಪ್ಪಂದಕ್ಕೆ ಸೇರಿದ್ದು 2017ರ ಡಿಸೆಂಬರ್‌ನಲ್ಲಿ. ಅದರ ಪ್ರಕಾರ 2028ರ ಜೂನ್ ಒಳಗೆ ಎಲ್ಲ ತೆಗೆದು ಮುಗಿಸಬೇಕು.

ಇಲ್ಲಿ ಓದುಗರು ಗಮನಿಸಬೇಕಾದ ವಿಷಯ ಒಂದಿದೆ. ಬಾಂಬು ತೆಗೆಯಲು ಒಂದು ಸರದಿ ಇರುತ್ತದೆ. ಮೊದಲು ರಸ್ತೆ, ಮನೆ, ಬಾವಿ, ಶಾಲೆ. ಆಮೇಲೆ ಗದ್ದೆ, ಹೊಲ. ಎಲ್ಲಕ್ಕಿಂತ ಕೊನೆಗೆ ಕಾಡು, ಬೀಳುಭೂಮಿ. ಅಂದರೆ ಮನೆಗೆ ಬಂದವರಿಗೆ ಗದ್ದೆಗೆ ಇಳಿಯಲು ಆಗುತ್ತಿರಲಿಲ್ಲ. ಸೌದೆಗೆ ಹೋಗುವುದು, ದನ ಅಟ್ಟುವುದು ಅಪಾಯ. ಊರು ಸೇರಿದವರ ಹೊಟ್ಟೆಪಾಡು ಮೊದಲ ವರ್ಷವೇ ಕುಸಿದದ್ದಕ್ಕೆ ಇದೊಂದು ದೊಡ್ಡ ಕಾರಣ.

ಮನೆ ಕಟ್ಟಿಕೊಳ್ಳುವುದು

ಬಸ್ಸಿಂದ ಇಳಿದವರ ಕೈಯಲ್ಲಿ ಏನಿತ್ತು? ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಕುಟುಂಬಕ್ಕೆ 25,000 ಶ್ರೀಲಂಕಾ ರೂಪಾಯಿ ಕೊಟ್ಟಿತು. ಜೊತೆಗೆ ಒಂದಿಷ್ಟು ತಗಡು ಶೀಟು, ಟಾರ್ಪಾಲು, ಆರು ತಿಂಗಳ ರೇಷನ್. ಭಾರತದಿಂದ ಸಿಮೆಂಟು, ತಗಡು, ಬೇಸಾಯದ ಸಲಕರಣೆಗಳ ಗಂಟು, 500 ಟ್ರ್ಯಾಕ್ಟರ್ ಹೋದವು. ಎಷ್ಟೋ ಮನೆಗಳಿಗೆ ಚಾವಣಿ ಇರಲಿಲ್ಲ. ಬಾಗಿಲು, ಕಿಟಕಿ, ಅವುಗಳ ಚೌಕಟ್ಟನ್ನೂ ಕಿತ್ತುಕೊಂಡು ಹೋಗಿದ್ದರು. ಅಂಗಳದಲ್ಲಿ ಆಳೆತ್ತರ ಪೊದೆ. ಬಾವಿಯ ನೀರು ಕುಡಿಯುವ ಹಾಗಿಲ್ಲ. ಅದನ್ನು ಪೂರ್ತಿ ಇರಚಿ, ಹೂಳೆತ್ತಿ, ತೊಳೆದ ಮೇಲೆಯೇ ಮಿಕ್ಕ ಮಾತು.

ದೊಡ್ಡ ಮನೆ ಯೋಜನೆ ಭಾರತದ್ದು. 2010ರಲ್ಲಿ 50,000 ಮನೆ ಕಟ್ಟಿಕೊಡುವುದಾಗಿ ಭಾರತ ಹೇಳಿತು. ಅದರಲ್ಲಿ ಸುಮಾರು 46,000 ಉತ್ತರ ಮತ್ತು ಪೂರ್ವಕ್ಕೆ, ಉಳಿದವು ಮುಖ್ಯವಾಗಿ ಮಲೆನಾಡಿನ ಚಹಾ ತೋಟದವರಿಗೆ. ಮೊದಲ 1,000 ಮನೆಗಳನ್ನು ಗುತ್ತಿಗೆದಾರರಿಂದ ಕಟ್ಟಿಸಿದರು. ಆಮೇಲೆ ಪದ್ಧತಿ ಬದಲಾಯಿಸಿ, ಹಣವನ್ನು ಕಂತು ಕಂತಾಗಿ ಮನೆಯವರ ಬ್ಯಾಂಕ್ ಖಾತೆಗೇ ಹಾಕಿದರು. ಒಟ್ಟು ಐದೂವರೆ ಲಕ್ಷ ಶ್ರೀಲಂಕಾ ರೂಪಾಯಿ. ಪಾಯ ಆದ ಮೇಲೆ ತಾಂತ್ರಿಕ ಅಧಿಕಾರಿ ಬಂದು ನೋಡಬೇಕು, ಸರಿ ಇದೆ ಅಂದರೆ ಮುಂದಿನ ಕಂತು. ಇದು ಒಳ್ಳೆಯ ಪದ್ಧತಿ ಅನ್ನುವುದರಲ್ಲಿ ನನಗೆ ಸಂಶಯ ಇಲ್ಲ. ಬಾಗಿಲು ಯಾವ ದಿಕ್ಕಿಗೆ, ಒಲೆ ಎಲ್ಲಿ, ದೇವರ ಮೂಲೆ ಎಲ್ಲಿ, ಎಲ್ಲ ಮನೆಯವರೇ ಹೇಳುತ್ತಾರೆ. ಹಣ ಅದೇ ಊರಿನ ಗಾರೆಯವರ ಕೈಗೆ ಹೋಗುತ್ತದೆ.

ಕಷ್ಟವೂ ಇತ್ತು. ಸಾವಿರಾರು ಮನೆ ಒಟ್ಟಿಗೆ ಎದ್ದಾಗ ಮರಳು, ಸಿಮೆಂಟು, ಗಾರೆಯವರ ಕೂಲಿ, ಎಲ್ಲದರ ದರ ಏರಿತು. ಹಣ ಸಾಲದೆ ಜನ ಒಡವೆ ಅಡವಿಟ್ಟರು, ಬಡ್ಡಿಗೆ ತಂದರು. ಇನ್ನೊಂದು, ಯಾರಿಗೆ ಮನೆ ಕೊಡಬೇಕು ಅಂತ ಅಂಕ ಹಾಕಿ ಪಟ್ಟಿ ಮಾಡುವಾಗ ಮನೆಯಲ್ಲಿ ಅವಲಂಬಿತರು ಜಾಸ್ತಿ ಇದ್ದವರು ಮುಂದೆ ಬಂದರು. ಮಕ್ಕಳನ್ನೆಲ್ಲ ಯುದ್ಧದಲ್ಲಿ ಕಳೆದುಕೊಂಡು ಒಬ್ಬರೇ ಉಳಿದ ಮುದುಕಿ ಪಟ್ಟಿಯಲ್ಲಿ ಕೆಳಗೆ ಹೋದರು. ಯಾರ ಮನೆಯಲ್ಲಿ ಸಾವು ಹೆಚ್ಚೋ ಅವರಿಗೇ ಅಂಕ ಕಡಿಮೆ. ಲೆಕ್ಕ ಹಾಕಿದವರ ಉದ್ದೇಶ ಕೆಟ್ಟದ್ದಲ್ಲ, ಆದರೆ ಪರಿಣಾಮ ಕ್ರೂರವಾಗಿತ್ತು.

2016ರ ಹೊತ್ತಿಗೆ ಸರ್ಕಾರ 65,000 ಉಕ್ಕಿನ ಸಿದ್ಧ ಮನೆಗಳನ್ನು ವಿದೇಶಿ ಕಂಪನಿಯಿಂದ ತರಿಸಲು ಹೊರಟಿತು. ಒಂದಕ್ಕೆ ಸುಮಾರು 21 ಲಕ್ಷ ಶ್ರೀಲಂಕಾ ರೂಪಾಯಿ. ಉತ್ತರದ ಬಿಸಿಲಲ್ಲಿ ಉಕ್ಕಿನ ಮನೆ! ಅದರ ಅರ್ಧ ಹಣದಲ್ಲಿ ಇಟ್ಟಿಗೆ ಮನೆ ಆಗುತ್ತದೆ ಅಂತ ಅಲ್ಲಿನ ಎಂಜಿನಿಯರುಗಳೂ ಜನಪ್ರತಿನಿಧಿಗಳೂ ಪಟ್ಟು ಹಿಡಿದ ಮೇಲೆ ಯೋಜನೆ ಬಿದ್ದುಹೋಯಿತು.

ಕಾಗದ

ಮನೆಯ ಹಣ ಬೇಕಾದರೆ ಜಾಗ ತಮ್ಮದು ಅಂತ ತೋರಿಸಬೇಕು. ಅಲ್ಲಿಂದ ಕಾಗದದ ಕತೆ ಶುರುವಾಗುತ್ತದೆ.

ವನ್ನಿಯ ಬಹುಪಾಲು ರೈತರ ಹತ್ತಿರ ನಮ್ಮಲ್ಲಿನ ಕ್ರಯಪತ್ರದಂಥದ್ದು ಇಲ್ಲ. 1935ರ ಭೂ ಅಭಿವೃದ್ಧಿ ಕಾನೂನಿನಡಿ ಸರ್ಕಾರ ಕೊಟ್ಟ ಪರ್ಮಿಟ್ ಇರುತ್ತದೆ. ಜಮೀನು ಸರ್ಕಾರದ್ದೇ, ಉಳುಮೆಯ ಹಕ್ಕು ಇವರದ್ದು. ಮಾರುವ ಹಾಗಿಲ್ಲ. ಗಂಡನ ಹೆಸರಲ್ಲಿರುತ್ತದೆ. ಆ ಪರ್ಮಿಟ್ ಕಾಗದ ಓಡುವ ದಾರಿಯಲ್ಲಿ ನೆನೆದು ಹೋಗಿದೆ, ಸುಟ್ಟು ಹೋಗಿದೆ. ಎಷ್ಟೋ ಕಡೆ ಕಚೇರಿಯ ಪುಸ್ತಕಗಳೂ ಉಳಿದಿಲ್ಲ. ನಕಲು ತೆಗೆಸಲು ಗ್ರಾಮ ನಿಲಧಾರಿ ಹತ್ತಿರ ಹೋಗಬೇಕು (ನಮ್ಮ ಗ್ರಾಮ ಲೆಕ್ಕಿಗರ ಹಾಗೆ), ಅಲ್ಲಿಂದ ವಿಭಾಗೀಯ ಕಾರ್ಯದರ್ಶಿ ಕಚೇರಿಗೆ. ಹೋದಾಗ ಗೊತ್ತಾಗುತ್ತದೆ, ಅದೇ ಜಾಗಕ್ಕೆ ಇನ್ನೊಬ್ಬರೂ ಅರ್ಜಿ ಹಾಕಿದ್ದಾರೆ ಅಂತ. ಎಲ್‌ಟಿಟಿಇ ಆಳ್ವಿಕೆಯ ಕಾಲದಲ್ಲಿ ಅವರು ಹಂಚಿದ ಜಮೀನಿನಲ್ಲಿ ಕೂತವರೂ ಇದ್ದರು. ಆ ಹಂಚಿಕೆಗೆ ಕಾನೂನಿನಲ್ಲಿ ಬೆಲೆ ಇಲ್ಲ, ಆದರೆ ಅಲ್ಲಿ ಹುಟ್ಟಿ ಬೆಳೆದ ಮಕ್ಕಳಿದ್ದಾರೆ.

ಸ್ವಂತ ಪತ್ರ ಇದ್ದವರಿಗೂ ಒಂದು ಅಪಾಯ ಇತ್ತು. ಇನ್ನೊಬ್ಬರ ಜಾಗದಲ್ಲಿ 10 ವರ್ಷ ಯಾರೂ ಕೇಳದ ಹಾಗೆ ಕೂತವನಿಗೆ ಅಲ್ಲಿನ ಕಾನೂನು ಹಕ್ಕು ಕೊಡುತ್ತದೆ. ಕೇಳಬೇಕಾದವನು ಶಿಬಿರದಲ್ಲಿದ್ದರೆ? ಕೊನೆಗೆ 2016ರಲ್ಲಿ ಒಂದು ವಿಶೇಷ ಕಾನೂನು ಬಂತು. 1983ರ ಮೇ 1ರಿಂದ 2009ರ ಮೇ 18ರ ತನಕ ಯುದ್ಧದಿಂದಾಗಿ ತಮ್ಮ ಜಾಗಕ್ಕೆ ಹೋಗಲಾಗದವರ ಮೇಲೆ ಈ 10 ವರ್ಷದ ಲೆಕ್ಕ ಹಾಕಬಾರದು ಅಂತ. ಒಳ್ಳೆಯದೇ ಆಯಿತು. ಆದರೆ ಯುದ್ಧ ಮುಗಿದು ಅಷ್ಟರಲ್ಲಿ ಏಳು ವರ್ಷ ಆಗಿತ್ತು.

ಎಲ್ಲಕ್ಕಿಂತ ಕಷ್ಟದ ಜಾಗದಲ್ಲಿ ನಿಂತವರು, ಗಂಡ ಏನಾದ ಅಂತ ಗೊತ್ತಿಲ್ಲದ ಹೆಂಗಸರು. ಪರ್ಮಿಟ್ ಅವನ ಹೆಸರಲ್ಲಿದೆ. ವರ್ಗಾವಣೆ ಆಗಬೇಕಾದರೆ ಮರಣ ಪತ್ರ ಬೇಕು. 2010ರಲ್ಲಿ ಕಾಣೆಯಾದವರಿಗೂ ಮರಣ ಪತ್ರ ಸುಲಭವಾಗಿ ಕೊಡುವ ಕಾನೂನು ಬಂತು. ಆದರೆ ಎಷ್ಟೋ ಜನ ಅದನ್ನು ತೆಗೆದುಕೊಳ್ಳಲು ಒಪ್ಪಲಿಲ್ಲ. ಸೇನೆಗೆ ಶರಣಾದದ್ದನ್ನು ಕಣ್ಣಾರೆ ಕಂಡ ಗಂಡನನ್ನು ಸತ್ತಿದ್ದಾನೆ ಅಂತ ತಾನೇ ಸಹಿ ಹಾಕಿ ಒಪ್ಪಿಕೊಳ್ಳುವುದು ಹೇಗೆ? ಸಹಿ ಹಾಕಿದರೆ ಹುಡುಕುವ ಹಕ್ಕೂ ಮುಗಿಯುತ್ತದೆ ಅನ್ನುವ ಭಯ. 2016ರಲ್ಲಿ 'ಕಾಣೆಯಾಗಿದ್ದಾರೆ' ಅನ್ನುವ ಬೇರೆ ಪ್ರಮಾಣಪತ್ರ ಬಂದ ಮೇಲೆ ಸ್ವಲ್ಪ ದಾರಿಯಾಯಿತು. ಇನ್ನು ಪರ್ಮಿಟ್ ಜಮೀನಿನ ವಾರಸುದಾರಿಕೆಯಲ್ಲಿ ಗಂಡುಮಕ್ಕಳಿಗೆ ಮೊದಲ ಸ್ಥಾನ ಇತ್ತು. ಅದನ್ನು ತೆಗೆದದ್ದು 2022ರಲ್ಲಿ.

ನಮ್ಮ ಸುಳ್ಯ, ಪುತ್ತೂರು ಕಡೆಯವರಿಗೆ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್ ಮಾಡುವ ಶ್ರೀಲಂಕಾ ತಮಿಳರು ಗೊತ್ತಿರುತ್ತಾರೆ. ಅವರು ಅಲ್ಲಿನ ಚಹಾ ತೋಟಗಳ ಕೂಲಿಯವರು. 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ಪ್ರಕಾರ ಭಾರತಕ್ಕೆ ಬಂದವರು, ಈ ಯುದ್ಧದಿಂದ ಓಡಿ ಬಂದವರಲ್ಲ. ಅವರದ್ದೇ ಜನರಲ್ಲಿ ಅಲ್ಲೇ ಉಳಿದ ಕೆಲವರು ತಮಿಳರ ಮೇಲೆ ನಡೆದ 1977ರ ಗಲಭೆಯಲ್ಲಿ ಏಟು ತಿಂದು, ಬೆಟ್ಟದಿಂದ ಇಳಿದು ವನ್ನಿಗೆ ಬಂದು ನೆಲೆಸಿದರು. ಕಾಡು ಕಡಿದು ಗದ್ದೆ ಮಾಡಿದರು, ಕಾಗದ ಮಾತ್ರ ಸಿಗಲಿಲ್ಲ. ಯುದ್ಧ ಮುಗಿದ ಮೇಲೆ ಅವರು ಒತ್ತುವರಿದಾರರು ಅನ್ನಿಸಿಕೊಂಡರು. ಜಾಗ ಇಲ್ಲ, ಹಾಗಾಗಿ ಮನೆ ಯೋಜನೆಯೂ ಇಲ್ಲ. ವಾಪಸ್ ಹೋಗಲು 'ಹಳೇ ಊರು' ಅಂತ ಒಂದಿರಬೇಕು ಅನ್ನುವ ಲೆಕ್ಕದಲ್ಲಿ ಇಂಥವರು ಎಲ್ಲಿಯೂ ಬರುವುದಿಲ್ಲ.

ಊರಲ್ಲಿ ಬೇರೆಯವರಿದ್ದಾಗ

ಕಾಗದ ಪಕ್ಕಾ ಇದ್ದು, ಬಾಂಬೂ ಇಲ್ಲದೆ, ಆದರೂ ಹೋಗಲಾಗದವರು ಇನ್ನೊಂದು ಗುಂಪು. ವಲಿಕಾಮಂ ಉತ್ತರದಲ್ಲಿ ಪಲಾಲಿ ವಿಮಾನ ನಿಲ್ದಾಣದ ಸುತ್ತ 6,000 ಎಕರೆಗೂ ಹೆಚ್ಚು ಜಾಗ ಸೇನೆಯ ಉನ್ನತ ಭದ್ರತಾ ವಲಯವಾಗಿತ್ತು. ಕೆಂಪು ಮಣ್ಣಿನ ಒಳ್ಳೆಯ ಭೂಮಿ, ತರಕಾರಿ ಬೆಳೆಯುವ ಸೀಮೆ. ಮಾಲೀಕರು 1990ರಿಂದ ಕೆಲವೇ ಮೈಲಿ ದೂರದ ಶಿಬಿರಗಳಲ್ಲಿದ್ದರು. ಅಲ್ಲೇ ಮದುವೆ, ಅಲ್ಲೇ ಮೊಮ್ಮಕ್ಕಳು. 2015ರಿಂದ ತುಂಡು ತುಂಡಾಗಿ ಜಾಗ ಬಿಡಲು ಶುರು ಮಾಡಿದರು. ಮಯಿಲಿಟ್ಟಿ ಮೀನು ಬಂದರು ಸಿಕ್ಕಿದ್ದು 2017ರ ಜುಲೈನಲ್ಲಿ, 27 ವರ್ಷದ ಮೇಲೆ.

ಕೇಪ್ಪಾಪುಲವು ಕಡೆಯವರು ಸುಮ್ನೆ ಕಾಯಲಿಲ್ಲ. 2017ರ ಜನವರಿ ಕೊನೆಗೆ ಅಲ್ಲಿನ ಪಿಲಕುಡಿಯಿರುಪ್ಪು ಅನ್ನುವ ಭಾಗದ ಹೆಂಗಸರು, ಮಕ್ಕಳು ಸೇನಾ ನೆಲೆಯ ಬೇಲಿಯ ಹೊರಗೆ ರಸ್ತೆ ಬದಿ ಕೂತರು. ಅಡುಗೆ, ಊಟ, ನಿದ್ದೆ ಎಲ್ಲ ಅಲ್ಲೇ. ಬೇಲಿಯ ಆಚೆ ಅವರದ್ದೇ ತೆಂಗಿನ ಮರ ಕಾಣುತ್ತಿತ್ತು. ಒಂದು ತಿಂಗಳ ಮೇಲೆ ಮಾರ್ಚ್ 1ಕ್ಕೆ ಆ ಭಾಗ ಬಿಟ್ಟುಕೊಟ್ಟರು. ಅದರ ಪಕ್ಕದವರ ಹೋರಾಟ ಮುಂದುವರಿಯಿತು. ಇರಣೈತೀವು ದ್ವೀಪದವರು 1992ರಲ್ಲಿ ಹೊರಬಿದ್ದವರು. 2018ರ ಏಪ್ರಿಲ್‌ನಲ್ಲಿ ದೋಣಿಗಳಿಗೆ ಬಿಳಿ ಬಾವುಟ ಕಟ್ಟಿ, ನೌಕಾಪಡೆಯನ್ನು ಕೇಳದೆಯೇ ಹೋಗಿ ಇಳಿದರು. ಸರ್ಕಾರ ಆಮೇಲೆ ಒಪ್ಪಿತು. ಆದರೂ ಆಸ್ಪತ್ರೆ, ಶಾಲೆ ಎಲ್ಲ ದಡದಲ್ಲೇ. ಹಾಗಾಗಿ ದ್ವೀಪದಲ್ಲಿ ಮೀನು ಹಿಡಿದು, ಮಕ್ಕಳನ್ನು ದಡದಲ್ಲಿ ಬಿಟ್ಟು, ಎರಡು ಕಡೆ ಬದುಕುವವರೇ ಹೆಚ್ಚು.

ಸಾಂಪೂರ್ ಕತೆಯನ್ನು ನಾವು ಭಾರತದವರು ಗೊತ್ತು ಮಾಡಿಕೊಳ್ಳಬೇಕು. 2006ರಲ್ಲಿ ಖಾಲಿಯಾದ ಆ ಊರಿನ ಜಮೀನಿನ ಒಂದು ಭಾಗ ನೌಕಾಪಡೆಗೆ ಹೋಯಿತು, ಇನ್ನೊಂದು ಭಾಗ ಕೈಗಾರಿಕಾ ವಲಯಕ್ಕೆ. ಅದೇ ಸೀಮೆಯಲ್ಲಿ ನಮ್ಮ ಎನ್‌ಟಿಪಿಸಿ ಜೊತೆ ಸೇರಿ 500 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರ ಕಟ್ಟುವ ಒಪ್ಪಂದವೂ ಆಯಿತು. ಜನ ಕಿಳಿವೆಟ್ಟಿಯ ಶಿಬಿರದಲ್ಲಿ ತಗಡಿನ ಕೆಳಗೆ ವರ್ಷಗಟ್ಟಲೆ ಇದ್ದರು. 2015-16ರಲ್ಲಿ ಜಮೀನು ವಾಪಸ್ ಬಂತು, 2016ರಲ್ಲಿ ಸ್ಥಾವರವೂ ರದ್ದಾಯಿತು. ಒಂದು ಕಡೆ ಮನೆ ಕಟ್ಟಲು ಹಣ ಕೊಟ್ಟ ದೇಶವೇ ಇನ್ನೊಂದು ಕಡೆ ಜನ ಬಿಟ್ಟ ಊರಿನ ಮಗ್ಗುಲಲ್ಲೇ ಸ್ಥಾವರ ಕಟ್ಟಲು ಒಪ್ಪಿದ್ದು ನನಗೆ ಇವತ್ತಿಗೂ ಸರಿ ಅನ್ನಿಸುವುದಿಲ್ಲ.

ಸರದಿಯಲ್ಲಿ ಹಿಂದೆ ಬಿದ್ದವರು

1990ರ ಅಕ್ಟೋಬರ್ 30ರಂದು ಜಾಫ್ನಾ ಪಟ್ಟಣದ ಮುಸ್ಲಿಮರನ್ನು ಮೈದಾನಕ್ಕೆ ಕರೆಸಿ, ಎರಡು ಗಂಟೆಯೊಳಗೆ ಊರು ಬಿಡಿ ಅಂತ ಎಲ್‌ಟಿಟಿಇ ಹೇಳಿತು. ಆ ದಿನಗಳಲ್ಲಿ ಇಡೀ ಉತ್ತರದಿಂದ ಸುಮಾರು 75,000 ಮುಸ್ಲಿಮರು ಹೊರಬಿದ್ದರು. ತುಂಬಾ ಜನ ಪುತ್ತಳಂ ಸೇರಿದರು. ಯುದ್ಧ ಮುಗಿದಾಗ ಸರ್ಕಾರ, ನೆರವು ಸಂಸ್ಥೆಗಳು ಒಂದು ಗೆರೆ ಎಳೆದವು. 2008ರ ಏಪ್ರಿಲ್ ಆದ ಮೇಲೆ ಊರು ಬಿಟ್ಟವರು 'ಹೊಸಬರು', ಅವರಿಗೆ ಮೊದಲು. ಅದಕ್ಕೂ ಹಿಂದಿನವರು 'ಹಳಬರು', ಅವರಿಗೆ ಆಮೇಲೆ. ಮುಳ್ಳುತಂತಿಯ ಒಳಗೆ ಇದ್ದವರ ತುರ್ತು ದೊಡ್ಡದು, ಒಪ್ಪೋಣ. ಆದರೆ 20 ವರ್ಷ ಕಾದವರು, ಕಾದದ್ದಕ್ಕೇ ಹಿಂದೆ ಬಿದ್ದರು.

ಅವರು ಮನ್ನಾರ್ ಜಿಲ್ಲೆಯ ಮುಸಲಿ ಕಡೆಗೆ ಹೋಗಿ ನೋಡಿದರೆ ಊರೇ ಕಾಡಾಗಿತ್ತು. ಕೆಲವು ಜಾಗಗಳನ್ನು 2012ರಲ್ಲಿ ಕಾದಿಟ್ಟ ಅರಣ್ಯ ಅಂತ ಘೋಷಿಸಿಯೂ ಆಗಿತ್ತು. ಪೊದೆ ಸವರಿದರೆ, ಪಕ್ಕದ ವಿಲ್ಪತ್ತು ರಾಷ್ಟ್ರೀಯ ಉದ್ಯಾನವನ್ನೇ ಕಡಿಯುತ್ತಿದ್ದಾರೆ ಅಂತ ದೊಡ್ಡ ಗದ್ದಲ ಎದ್ದಿತು. ಹೊರಡುವಾಗ ಒಂದಾಗಿದ್ದ ಮನೆ ಈಗ ನಾಲ್ಕಾಗಿತ್ತು, ಹಳೇ ಜಾಗ ಸಾಲದು. ಹಾಗಾಗಿ ಎಷ್ಟೋ ಕುಟುಂಬಗಳು ಅರ್ಧ ಪುತ್ತಳಂನಲ್ಲಿ, ಅರ್ಧ ಊರಲ್ಲಿ. ಇದನ್ನು ನೋಡಿ 'ಇವರಿಗೆ ಊರಿಗೆ ಬರುವ ಮನಸ್ಸಿಲ್ಲ' ಅನ್ನುವವರಿದ್ದಾರೆ. ಮಕ್ಕಳ ಶಾಲೆ ಒಂದು ಕಡೆ, ಜಮೀನು ಇನ್ನೊಂದು ಕಡೆ ಇದ್ದರೆ ನಾವಾದರೂ ಹಾಗೇ ಮಾಡುವುದು, ಅಲ್ವಾ?

ಹೊಟ್ಟೆಪಾಡಿನ ಮಾತನ್ನು ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. ಕಿಳಿನೊಚ್ಚಿಯ ಭತ್ತದ ಸೀಮೆಗೆ ನೀರು ಕೊಡುವ ಇರಣಮಡು ಕೆರೆಯನ್ನು ದುರಸ್ತಿ ಮಾಡಿದರು. 2009ರ ಜನವರಿಯಲ್ಲಿ ಏರಿ ಒಡೆದಿದ್ದ ಕಲ್ಮಡು ಕೆರೆಯನ್ನೂ ಕಟ್ಟಿದರು. ಭಾರತದ ಸಾಲದಲ್ಲಿ ಹಳಿ ಹಾಕಿ 2014ರ ಅಕ್ಟೋಬರ್‌ನಲ್ಲಿ ಯಾಳ್ ದೇವಿ ರೈಲು ಮತ್ತೆ ಜಾಫ್ನಾ ಮುಟ್ಟಿತು. ಇನ್ನೊಂದು ಕಡೆ, ಸಮುದ್ರಕ್ಕೆ ಇಳಿದ ಬೆಸ್ತರ ಬಲೆಗಳನ್ನು ತಮಿಳುನಾಡಿನ ಟ್ರಾಲರ್‌ಗಳು ಹರಿದವು. ಮನೆ ನಡೆಸುವ ಒಂಟಿ ಹೆಂಗಸರ ಬಾಗಿಲಿಗೆ ಸಣ್ಣ ಸಾಲದ ಕಂಪನಿಗಳು ಬಂದವು. ಬಡ್ಡಿಯ ಉರುಳು ಎಷ್ಟಾಯಿತು ಅಂದರೆ 2018ರಲ್ಲಿ ಸರ್ಕಾರವೇ ಬರ ಬಿದ್ದ ಜಿಲ್ಲೆಗಳ ಹೆಂಗಸರ ಇಂಥ ಸಾಲ ಮನ್ನಾ ಮಾಡಬೇಕಾಯಿತು.

ಇದೆಲ್ಲ ಹಳೇ ವಿಷಯ ಅನ್ನುವಂತಿಲ್ಲ. 2025ರ ಮಾರ್ಚ್ 28ರಂದು ಸರ್ಕಾರ ಒಂದು ಗೆಜೆಟ್ ಹೊರಡಿಸಿತು. ಉತ್ತರದ 5,940 ಎಕರೆ ಜಾಗಕ್ಕೆ ಮೂರು ತಿಂಗಳೊಳಗೆ ಹಕ್ಕು ತೋರಿಸಿ, ಇಲ್ಲದಿದ್ದರೆ ಅದು ಸರ್ಕಾರದ್ದಾಗುತ್ತದೆ ಅಂತ. ಮಾಲೀಕರು ಸತ್ತಿರುವ, ಕಾಣೆಯಾಗಿರುವ, ಕೆನಡಾದಲ್ಲೋ ತಮಿಳುನಾಡಿನಲ್ಲೋ ಇರುವ, ಕಾಗದ ಸುಟ್ಟುಹೋಗಿರುವ ಸೀಮೆಯಲ್ಲಿ ಮೂರು ತಿಂಗಳ ಗಡುವು! ವಿರೋಧ ಎದ್ದು, ಸುಪ್ರೀಂ ಕೋರ್ಟ್ ತಡೆ ಕೊಟ್ಟು, ಗೆಜೆಟ್ ವಾಪಸಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ತಮಿಳುನಾಡಿನಿಂದ ವಿಶ್ವಸಂಸ್ಥೆಯ ನೆರವಿನಲ್ಲೇ ಊರಿಗೆ ಹೊರಟ ವೃದ್ಧರೊಬ್ಬರನ್ನು, ದಶಕಗಳ ಹಿಂದೆ ಪಾಸ್‌ಪೋರ್ಟ್ ಇಲ್ಲದೆ ದೇಶ ಬಿಟ್ಟಿದ್ದಕ್ಕೆ ಪಲಾಲಿ ನಿಲ್ದಾಣದಲ್ಲಿ ಬಂಧಿಸಿದರು. ಆಮೇಲೆ ಬಿಟ್ಟರು. ಆದರೆ ಸುದ್ದಿ ತಮಿಳುನಾಡಿನ ಶಿಬಿರಗಳನ್ನು ಮುಟ್ಟಿತು. ಅಲ್ಲಿ ಇನ್ನೂ 50,000ಕ್ಕೂ ಹೆಚ್ಚು ಶ್ರೀಲಂಕಾ ತಮಿಳರಿದ್ದಾರೆ. ಅವರು ಹೋಗುತ್ತಾರೋ ಇಲ್ಲವೋ ಅವರಿಗೆ ಬಿಟ್ಟದ್ದು. ಕೊಲಂಬೊ ಮಾಡಬಹುದಾದ ಕೆಲಸ ಎರಡು. ಸೇನೆಯ ಕೈಯಲ್ಲಿ ಉಳಿದಿರುವ ಖಾಸಗಿ ಜಮೀನಿನಲ್ಲಿ ಯಾವುದನ್ನು ಯಾವಾಗ ಬಿಡುತ್ತೇವೆ ಅಂತ ತಾರೀಖು ಹಾಕಿ ಊರೂರಿನ ಕಚೇರಿಯಲ್ಲಿ ಅಂಟಿಸುವುದು. ಓಡುವಾಗ ದೇಶದ ಗಡಿ ದಾಟಿದ್ದನ್ನು ಅಪರಾಧ ಅನ್ನುವುದನ್ನು ಬಿಡುವುದು.